ಕೇಳಿ ಬಾರಿಸುವ ಹೊತ್ತು

ಊರಿನಿಂದ ದೂರ ಇರುವ ನಮ್ಮ ಸಂಘದ ಕಳೆದ ವಾರ್ಷಿಕೋತ್ಸವದಲ್ಲಿ ಮಕ್ಕಳ ಯಕ್ಷಗಾನಕ್ಕೆಂದು ಚೆಂಡೆಗೆ ಕೋಲು ಬಿದ್ದು ಐದು ನಿಮಿಷವೂ ಆಗಿರಲಿಲ್ಲ, ಸಭಾಂಗಣದ ಉಸ್ತುವಾರಿಯವರು ಬಂದು ನಿಲ್ಲಿಸಿ ಎಂದರು. ಪಕ್ಕದ ಮನೆಯಿಂದ ದೂರು ಬಂದಿತ್ತು. ವೇಷ ಕಟ್ಟಿ, ಗೆಜ್ಜೆ ಬಿಗಿದು ನಿಂತಿದ್ದ ಮಕ್ಕಳ ಮುಖ ನೋಡಲಾಗಲಿಲ್ಲ. ‘ನಮ್ಮ ಕಲೆಯನ್ನು ಗಲಾಟೆ ಎನ್ನುತ್ತಾರಲ್ಲ’ ಎಂದು ಹಲವು ಸದಸ್ಯರು ನೊಂದು ಬರೆದಿದ್ದಾರೆ. ನೋವು ನನಗೂ ಆಗಿದೆ. ಆದರೆ ಆ ರಾತ್ರಿ ನಿದ್ದೆ ಬಾರದೆ ಹೊರಳಾಡುವಾಗ ದಕ್ಷಿಣ ಕನ್ನಡದ ಕಿನ್ನಿಗೋಳಿಯ ನಮ್ಮ ಅಜ್ಜಿ ನೆನಪಾದರು.

ಗದ್ದೆಯಾಚೆ ಕಟೀಲು ದೇವಸ್ಥಾನದ ಯಕ್ಷಗಾನ ಮೇಳದ ಆಟ ಇರುತ್ತಿತ್ತು. ಮೊಣಕಾಲು ನೋವಿನ ಅಜ್ಜಿ ಹೋಗುತ್ತಿರಲಿಲ್ಲ. ಸಂಜೆ ಬಯಲಿನಲ್ಲಿ ‘ಕೇಳಿ’ ಬಾರಿಸುತ್ತಿದ್ದರು. ಇಂದು ಇಲ್ಲಿ ಆಟವಿದೆ ಎಂದು ಊರಿಗೆ ಸಾರುವ ಚೆಂಡೆ ಮದ್ದಳೆಯ ನುಡಿತ ಅದು. ಕನ್ನಡದ ಕಿವಿಗೆ ಆ ಹೆಸರೇ ಒಂದು ಕರೆ. ಅಜ್ಜಿ ಆಗಲೇ ಬೇಗ ಊಟ ಮುಗಿಸಿ ಚಾವಡಿಯಲ್ಲಿ ಚಾಪೆ ಹಾಸಿಕೊಳ್ಳುತ್ತಿದ್ದರು. ಕಣ್ಣು ಮುಚ್ಚಿ ಮಲಗಿ, ಕೈಬೆರಳಿನಿಂದ ನೆಲದ ಮೇಲೆ ತಾಳ ಹಾಕುತ್ತಾ ಇಡೀ ಪ್ರಸಂಗವನ್ನು ಕಿವಿಯಲ್ಲೇ ನೋಡುತ್ತಿದ್ದರು. ಚೆಂಡೆ ಅಡಗಿ ಬರೀ ಮದ್ದಳೆ ಉಳಿದರೆ ಬೆರಳೂ ಮೆತ್ತಗಾಗುತ್ತಿತ್ತು. ‘ದೇವಿ ಮಹಾತ್ಮೆ’ಯ ರಾತ್ರಿಯಾದರೆ, ನಡುರಾತ್ರಿ ಕಳೆದ ಮೇಲೆ ದೂರದಲ್ಲಿ ಗರ್ನಾಲು ಸಿಡಿದು, ಜನರ ಬೊಬ್ಬೆ ಎದ್ದು, ಚೆಂಡೆ ಒಂದೇ ಸಮನೆ ಮೊರೆಯತೊಡಗಿದಾಗ ನನ್ನ ತೋಳು ಮುಟ್ಟಿ ಹೇಳುತ್ತಿದ್ದರು: “ಮಾಣಿ, ಮಹಿಷಾಸುರ ಬಂದ.” ದೊಂದಿಯ ಬೆಳಕಿನಲ್ಲಿ ಪ್ರೇಕ್ಷಕರ ನಡುವಿನಿಂದ ನುಗ್ಗಿ ಬರುವ ಆ ವೇಷವನ್ನು ನಾನು ಮೊದಲು ಕಂಡದ್ದು ಅಜ್ಜಿಯ ಚಾಪೆಯ ಮೇಲೆಯೇ.

ಒಂದು ಊರಿನವರಾಗುವುದೆಂದರೆ ಆ ಊರಿನ ಸದ್ದನ್ನು ಓದಲು ಬರುವುದು ಎಂದು ನಾನು ನಂಬಿದ್ದೇನೆ. ಮಂಗಳೂರಿನ ಸಿಟಿ ಬಸ್ಸಿನಲ್ಲಿ ಮೊದಲ ಸಲ ಕುಳಿತವರು ಕಂಡಕ್ಟರರ ಸೀಟಿಗೆ ಬೆಚ್ಚಿ ಬೀಳುತ್ತಾರೆ. ನಮಗೆ ಅದೇ ಸೀಟಿಯಲ್ಲಿ ನಿಲ್ಲು, ಹೋಗು ಎಂಬುದೆಲ್ಲ ತಿಳಿಯುತ್ತದೆ. ಮೀನಿನವರ ಹಾರ್ನ್ ಕೇಳಿದರೆ ಬೆಕ್ಕಿಗೂ ಗೊತ್ತು. ಆಟಿ ತಿಂಗಳ ಮಳೆಯಲ್ಲಿ ತೆಂಬರೆ ಎಂಬ ಪುಟ್ಟ ವಾದ್ಯದ ದನಿ ಬಂದರೆ ಮಾರಿ ಕಳೆಯುವ ಕಳೆಂಜ ಅಂಗಳಕ್ಕೆ ಬಂದನೆಂದೇ ಅರ್ಥ. ಹುಲಿವೇಷದ ತಾಸೆಯ ಪೆಟ್ಟು ಬಿದ್ದರೆ, ಎಲ್ಲೇ ಇದ್ದರೂ, ಉಡುಪಿಯವರ ಕಾಲು ಹುಲಿಯ ಹೆಜ್ಜೆ ಹುಡುಕುತ್ತದೆ. ಇಗರ್ಜಿಯ ಗಂಟೆ, ಮಸೀದಿಯ ಬಾಂಗು, ದೇವಸ್ಥಾನದ ಶಂಖ ಮೂರರಿಂದಲೂ ನಮ್ಮ ಹಿರಿಯರು ಹೊತ್ತು ತಿಳಿಯುತ್ತಿದ್ದರು. ಯಾರ ದೇವರ ದನಿ ಎಂದು ಕೇಳಿ ಗಡಿಯಾರ ತಿದ್ದಿಕೊಂಡವರಲ್ಲ ಅವರು.

ಅದನ್ನೆಲ್ಲ ಕೆಡಿಸಿದ್ದು ಧ್ವನಿವರ್ಧಕ. ಇದನ್ನು ನಾನು ಯಾರ ಮೆಚ್ಚುಗೆಗೂ ಕಾಯದೆ ಹೇಳುತ್ತೇನೆ. ಚೆಂಡೆಗೆ ಗದ್ದೆ ಬಯಲು ದಾಟುವ ಕಸುವು ಹುಟ್ಟಿನಿಂದಲೇ ಇದೆ. ಅದರ ಬಾಯಿಗೆ ಮೈಕು ಹಿಡಿದು, ಊರ ತುಂಬ ಧ್ವನಿವರ್ಧಕದ ಪೆಟ್ಟಿಗೆ ಕಟ್ಟಿದರೆ ಪೆಟ್ಟಿನ ಬನಿಯೂ ಹೋಯಿತು, ನೆರೆಯವರ ನಿದ್ದೆಯೂ ಹೋಯಿತು. ಭಾರತದ 2000ನೇ ಇಸವಿಯ ಶಬ್ದಮಾಲಿನ್ಯ ನಿಯಮಗಳು ವಸತಿ ಪ್ರದೇಶಕ್ಕೆ ಹಗಲು 55, ರಾತ್ರಿ 45 ಡೆಸಿಬೆಲ್ ಎಂದು ಮಿತಿ ಹಾಕಿವೆ. ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಬಯಲಿನಲ್ಲಿ ಧ್ವನಿವರ್ಧಕ ಕೂಡದು ಎನ್ನುತ್ತವೆ. ಕೆಲವು ವರ್ಷಗಳ ಹಿಂದೆ ಇದೇ ಕಾರಣಕ್ಕೆ ರಾತ್ರಿಯಿಡೀ ನಡೆಯುತ್ತಿದ್ದ ಕಟೀಲು ಮೇಳಗಳ ಆಟ ಕಾಲಮಿತಿಗೆ ಬಂದಾಗ ಕರಾವಳಿಯ ಮನಸ್ಸು ಕಲಕಿತು. ಬೆಳಗಿನ ಜಾವದ ಭಾಗವತರ ಹಾಡು ಕೇಳದ ಊರು ಊರೇ ಅಲ್ಲ ಎನಿಸಿದ್ದು ಸಹಜ. ಆದರೂ ಆಸ್ಪತ್ರೆಯಿಂದ ಮರಳಿದ ರೋಗಿ ಮಲಗಿರುವ ಮನೆಯ ಕಿಟಕಿಗೆ ಪೆಟ್ಟಿಗೆ ತಿರುಗಿಸಿ ಇಡುವುದನ್ನು ಸಂಪ್ರದಾಯವೆಂದು ನಾನು ಒಪ್ಪಲಾರೆ. ಒಬ್ಬರ ಮೈಕಿಗೆ ಇನ್ನೊಬ್ಬರು ಮೈಕಿನಲ್ಲೇ ಉತ್ತರ ಕೊಡುವುದನ್ನಂತೂ ಮೊದಲೇ ಒಪ್ಪಲಾರೆ.

ಇನ್ನೊಂದು ಮಾತು. ನಮ್ಮ ದನಿ ಎಂದರೆ ಯಾವುದು ಎಂಬ ಪಟ್ಟಿಗೆ ಬೀಗ ಹಾಕುವುದೂ ಬೇಡ. ಬೆಲ್ಜಿಯಮ್ಮಿನ ಅಡಾಲ್ಫ್ ಸ್ಯಾಕ್ಸ್ 1846ರಲ್ಲಿ ಹಕ್ಕುಪತ್ರ ಪಡೆದ ಸ್ಯಾಕ್ಸೋಫೋನ್ ವಾದ್ಯವನ್ನು ಬಂಟ್ವಾಳ ತಾಲೂಕಿನ ಸಜೀಪದಲ್ಲಿ ಹುಟ್ಟಿದ ಕದ್ರಿ ಗೋಪಾಲನಾಥರು ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಕೇಳಿ ಮನಸೋತರು. ನಾಗಸ್ವರದ ಮನೆತನದ ಆ ಕೈ ಅದರಿಂದ ಕರ್ನಾಟಕ ಸಂಗೀತದ ಗಮಕಗಳನ್ನು ನುಡಿಸಿತು. ಇಂದು ದಕ್ಷಿಣ ಕನ್ನಡದಲ್ಲಿ ಸ್ಯಾಕ್ಸೋಫೋನ್ ಇಲ್ಲದ ಮದುವೆಯೇ ಅಪರೂಪ. ಒಂದು ಕಾಲಕ್ಕೆ ಹೊರಗಿನದಾಗಿದ್ದ ದನಿಯನ್ನು ನಾವು ಕಿವಿಗೊಟ್ಟು ಕೇಳಿದೆವು, ಅದು ನಮ್ಮದಾಯಿತು.

ಇಲ್ಲಿನ ನೆರೆಯವರಿಗೂ ಅಂಥ ಅವಕಾಶವನ್ನು ನಾವು ಕೊಟ್ಟಿರಲಿಲ್ಲ. ದೂರು ಕೊಟ್ಟ ಮನೆಗೆ ಕಳೆದ ವಾರ ನಾನೂ ಕಾರ್ಯದರ್ಶಿಯವರೂ ಕೋಡುಬಳೆ ಕಟ್ಟಿಕೊಂಡು ಹೋದೆವು. ವಯಸ್ಸಾದ ದಂಪತಿ. ಬಾಗಿಲು ತೆರೆದ ಆಕೆ ಮೊದಲು ಕೇಳಿದ್ದು, ಅಷ್ಟು ಸದ್ದು ಮಾಡುವ ಆ ವಾದ್ಯ ನೋಡಲು ಹೇಗಿದೆ ಎಂದು. ಕಾರಿನಿಂದ ಚೆಂಡೆ ತಂದು ತೋರಿಸಿದೆವು. ಆಕೆ ಚರ್ಮದ ಮೇಲೆ ಅಂಗೈ ಇಟ್ಟು, ಬೆರಳ ತುದಿಯಿಂದ ಒಮ್ಮೆ ಮೆಲ್ಲನೆ ತಟ್ಟಿದರು.

ನವರಾತ್ರಿಯ ಕಾರ್ಯಕ್ರಮಕ್ಕೆ ಅವರಿಬ್ಬರೂ ಬರುತ್ತಾರೆ. ಚೆಂಡೆ ಮದ್ದಳೆಗೆ ಮೈಕು ಇರುವುದಿಲ್ಲ. ಸಂಜೆ ಐದೂವರೆಗೆ ಕೇಳಿ ಬಾರಿಸುತ್ತೇವೆ. ಮಕ್ಕಳನ್ನು ಮುಂದಿನ ಸಾಲಿನಲ್ಲಿ ಕೂರಿಸಿ.