ಎರಡು ಚೀಟಿ ಇದ್ದರೂ ಮಾತ್ರೆ ಇಲ್ಲ

ಮಾನ್ಯರೇ,

ಪರೀಕ್ಷೆ ಹೊತ್ತಿಗೆ ಕಾಲೇಜು ಹುಡುಗರು 'ಓದುವ ಮಾತ್ರೆ' ನುಂಗುತ್ತಾರೆಂದು ಮಂಗಳವಾರ ನೀವು ಸುದ್ದಿ ಹಾಕಿದಿರಿ. ಅದರ ಬೆನ್ನಿಗೇ ಔಷಧ ಅಂಗಡಿಗಳ ತಪಾಸಣೆ ನಡೆಯಿತು. ಬಿಸಿ ತಟ್ಟಿದ್ದು ಹುಡುಗರಿಗಲ್ಲ, ನನಗೆ.

ನನಗೀಗ 43. ಎಡಿಎಚ್‌ಡಿ, ಅಂದರೆ ಗಮನ ಒಂದು ಕಡೆ ನಿಲ್ಲದ ಕಾಯಿಲೆ, ಇದೆ ಅಂತ ಗೊತ್ತಾಗಿದ್ದೇ ಹೋದ ವರ್ಷ. ಡಾಕ್ಟರು ಮೊದಲು ಆಟೊಮಾಕ್ಸೆಟಿನ್ ಕೊಟ್ಟರು. ಅದು ಚಟ ಹಿಡಿಸುವ ಔಷಧವಲ್ಲ, ಆದರೆ ಗುಣ ಕಾಣಲು ವಾರಗಟ್ಟಲೆ ಕಾಯಬೇಕು. ಒಂದೂವರೆ ತಿಂಗಳು ಕಾದೆ, ಹೊಟ್ಟೆ ತೊಳೆಸಿದ್ದೇ ಲಾಭ. ಆಮೇಲೆ ಮೀಥೈಲ್‌ಫೆನಿಡೇಟ್, 10 ಮಿಲಿಗ್ರಾಂ. ಅದೇ ನಿಮ್ಮ ಸುದ್ದಿಯ 'ಓದುವ ಮಾತ್ರೆ'. ನುಂಗಿದರೆ ಸುಮಾರು ನಾಲ್ಕು ಗಂಟೆ ತಲೆ ಒಂದು ಕಡೆ ನಿಲ್ಲುತ್ತದೆ. ಲೆಕ್ಕ ಬರೆಯುವವನಿಗೆ ಅಷ್ಟು ಸಾಕು.

ಇದು ಶೆಡ್ಯೂಲ್ ಎಕ್ಸ್, ಅಂದರೆ ಬಿಗಿ ನಿಯಮದ ಪಟ್ಟಿಯಲ್ಲಿರುವ ಮಾತ್ರೆ. ಮಾರಲು ಬೇರೆಯೇ ಲೈಸೆನ್ಸ್ ಬೇಕು, ಬೀಗ ಹಾಕಿಡಬೇಕು. ಡಾಕ್ಟರ ಚೀಟಿ ಎರಡು ಪ್ರತಿ ಇರಬೇಕು, ಒಂದನ್ನು ಅಂಗಡಿಯವರು 2 ವರ್ಷ ಇಟ್ಟುಕೊಳ್ಳಬೇಕು. ಇರಲಿ, ನಿಯಮ ಬೇಡ ಅನ್ನುವುದಿಲ್ಲ. ಕಾಗದ ಕಳೆದುಕೊಳ್ಳುವುದೇ ನನ್ನ ಕಾಯಿಲೆ, ಆದರೂ ಎರಡನ್ನೂ ಪ್ಲಾಸ್ಟಿಕ್ ಕವರಿನಲ್ಲಿ ಜೋಪಾನ ಮಾಡಿದ್ದೆ.

ಬುಧವಾರ ಡೊಂಬಿವಲಿಯಲ್ಲಿ ಮೂರು ಅಂಗಡಿ, ಠಾಣೆಯಲ್ಲಿ ಎರಡು, ಮುಲುಂಡಿನಲ್ಲಿ ಒಂದು. ಎಲ್ಲ ಕಡೆ 'ಸ್ಟಾಕ್ ನಹೀ'. ಮನೆ ಹತ್ತಿರದ ಅಂಗಡಿಯ ಹುಡುಗ ಚೀಟಿಯಿಂದ ತಲೆ ಎತ್ತದೆ ಕೂಗಿದ, 'ಅಂಕಲ್, ನಶೇವಾಲಾ ಗೋಲಿ ಬಂದ್ ಹೈ!' ನನ್ನ ಹಿಂದೆಯೇ ಕೆಮ್ಮಿನ ಸಿರಪ್ಪಿಗೆ ನಿಂತಿದ್ದವರು ನಮ್ಮ ಬಿಲ್ಡಿಂಗಿನ ಸೆಕ್ರೆಟರಿ. ಇನ್ನು ಲಿಫ್ಟಿನಲ್ಲಿ ನಾನು ಏನು ಹೇಳಲಿ? ಈ ಗಡಿಬಿಡಿಯಲ್ಲಿ ಛತ್ರಿಯೂ ಲೋಕಲ್ಲಿನಲ್ಲೇ ಉಳಿಯಿತು, ಈ ವರ್ಷ ಮೂರನೆಯದು.

ಕಾಯಿಲೆ ಇಲ್ಲದ ಹುಡುಗರು ಇದನ್ನು ನುಂಗಿದರೆ ನಿದ್ದೆ ಹೋಗುತ್ತದೆ, ಹಸಿವು ಸಾಯುತ್ತದೆ, ಎದೆ ಡವಡವ ಅನ್ನುತ್ತದೆ, ಚಟವೂ ಹತ್ತಬಹುದು. ತಡೆಯಲೇಬೇಕು. ಆದರೆ ಅವರಿಗೆ ಚೀಟಿ ಇಲ್ಲದೆ ಸಿಗುತ್ತದೆ, ನನಗೆ ಎರಡು ಚೀಟಿ ಇದ್ದರೂ ಇಲ್ಲ. ಎಂಥ ಚಂದದ ತಪಾಸಣೆ, ಅಲ್ವಾ?

ಸಾಹೇಬರುಗಳು ಹೀಗೇ. ಸುದ್ದಿ ಬಂದರೆ ಜೀಪು, ಫೋಟೊ, ಚಹಾ. ನಮ್ಮ ಗಲ್ಲಿಯ ಗಟಾರದ ಚಪ್ಪಡಿ ಹೋದ ಮಳೆಗಾಲದಲ್ಲೇ ಒಡೆದಿದೆ. ಮೂರು ಸಲ ಅರ್ಜಿ ಕೊಟ್ಟೆ, ಮೂರೂ ಕಳೆದುಹೋಗಿವೆಯಂತೆ. ನನ್ನ ಡಾಕ್ಟರ ವಿಳಾಸ ಅವರಿಗೂ ಕೊಡಲೇ?

ಸಾಹೇಬರೇ, ಕಳ್ಳ ಮಾರಾಟ ಹಿಡಿಯಿರಿ, ಇಲ್ಲವೇ ಮಾತ್ರೆ ಯಾವ ಅಂಗಡಿಯಲ್ಲಿ ಸಿಗುತ್ತದೆ ಅಂತ ಹೇಳಿ. ಎರಡೂ ಆಗದಿದ್ದರೆ ಫೋಟೊಗೆ ನಿಲ್ಲುವುದನ್ನಾದರೂ ಬಿಡಿ. ನನ್ನ ಹತ್ತಿರ ಇನ್ನು ನಾಲ್ಕು ಮಾತ್ರೆ ಉಳಿದಿವೆ.

— ಒಬ್ಬ ಓದುಗ, ಡೊಂಬಿವಲಿ ಪೂರ್ವ
(ಹೆಸರು ಹಾಕಬೇಡಿ, ಸೆಕ್ರೆಟರಿ ಕೂಡ ನಿಮ್ಮ ಪೇಪರನ್ನೇ ಓದುವುದು.)