ಮೈಕ್ ಆರಿಸಿ ಮುಗಿಸಿದ ಸಭೆ

ಮಾನ್ಯ ಸಂಪಾದಕರೇ,

ಸಿಮೆಂಟ್ ಕಾರ್ಖಾನೆಯ ಇಂಗಾಲದ ಡೈಆಕ್ಸೈಡ್ ಹಿಡಿದು ನೆಲದಡಿ ತುಂಬುವ ಯೋಜನೆಯ ಅಹವಾಲು ಸಭೆ ‘ಶಾಂತಿಯುತವಾಗಿ ಮುಗಿಯಿತು’ ಎಂದು ನಿಮ್ಮ ಇಂದಿನ ವರದಿಯಲ್ಲಿದೆ. ಮುಗಿದದ್ದು ನಿಜ. ಹೇಗೆ ಮುಗಿಸಿದರು ಎಂಬುದು ಅದರಲ್ಲಿಲ್ಲ. ನಾನು ಎರಡನೇ ಪ್ರಶ್ನೆ ಕೇಳುತ್ತಿರುವಾಗಲೇ ಮೈಕ್ ಆರಿಸಿದರು. ನನ್ನ ಹಿಂದೆ ಇನ್ನೂ ಹದಿನೇಳು ಜನ ಟೋಕನ್ ಹಿಡಿದು ನಿಂತಿದ್ದರು. ಅವರಲ್ಲಿ ಒಬ್ಬರಿಗೂ ಬಾಯಿ ತೆರೆಯಲು ಅವಕಾಶ ಸಿಗಲಿಲ್ಲ.

ಸಭೆ ಹತ್ತಕ್ಕೆ ಎಂದಿದ್ದರು. ಎರಡು ಬಸ್ ಬದಲಿಸಿ ಒಂಬತ್ತೂವರೆಗೇ ಹೋಗಿದ್ದೆ. ಅಧ್ಯಕ್ಷತೆ ವಹಿಸಬೇಕಾದವರು ಬಂದಾಗ ಹನ್ನೆರಡು ದಾಟಿತ್ತು. ಮುಂದಿನ ಮೂರು ಸಾಲು ಕುರ್ಚಿ ಕಾರ್ಖಾನೆಯವರಿಗೆ ಮೀಸಲು. ಮಂಡಿನೋವಿನ ನಾನು ಕಂಬಕ್ಕೊರಗಿ ನಿಂತೇ ಇದ್ದೆ. ಕುಡಿಯಲು ನೀರಿರಲಿಲ್ಲ. ಯೋಜನಾ ವರದಿ ಕೇಳಿಕೊಂಡು ಕಚೇರಿಗೆ ಮೂರು ಸಲ ಅಲೆದಿದ್ದೇನೆ, ಮೂರು ಸಲವೂ ‘ಇನ್ನೂ ಬಂದಿಲ್ಲ’ ಎಂಬ ಉತ್ತರ. ಕೊನೆಗೆ ಅದು ಕೈಗೆ ಸಿಕ್ಕಿದ್ದು ಸಭೆಯ ಹಿಂದಿನ ಸಂಜೆ. 600ಕ್ಕೂ ಹೆಚ್ಚು ಪುಟ. ರಾತ್ರಿ ಒಂದೂವರೆವರೆಗೆ ಕಣ್ಣು ಉರಿಯುವ ತನಕ ಓದಿದೆ. ಹಿಡಿದ ಅನಿಲ ಸಾಗಿಸುವ ಕೊಳವೆ ಯಾವ ಕಡೆಯಿಂದ ಹೋಗುತ್ತದೆ ಎಂದು ತೋರಿಸುವ ನಕ್ಷೆಯ ಪುಟ ಮಾತ್ರ ಜೆರಾಕ್ಸ್‌ನಲ್ಲಿ ಪೂರ್ತಿ ಕಪ್ಪಾಗಿತ್ತು. ಜನ ನೋಡಲೇಬೇಕಾದ ಪುಟ ಅದೊಂದೇ!

ಯೋಜನೆಗೆ ನನ್ನ ವಿರೋಧವಿಲ್ಲ. ಮೂವತ್ತೊಂದು ವರ್ಷ ಗೊಬ್ಬರ ಕಾರ್ಖಾನೆಯೊಂದರ ಅಮೋನಿಯಾ ಘಟಕದಲ್ಲಿ ಪಾಳಿ ಕೆಲಸ ಮಾಡಿದವನು ನಾನು. ಇಂಗಾಲದ ಡೈಆಕ್ಸೈಡ್ ಹಿಡಿಯುವುದು ನಮಗೆ ನಿತ್ಯದ ಕೆಲಸವಾಗಿತ್ತು. ಒಂದು ಗೋಪುರದಲ್ಲಿ ದ್ರಾವಣ ಮೇಲಿಂದ ಸುರಿಯುತ್ತದೆ, ಅನಿಲ ಕೆಳಗಿಂದ ಏರುತ್ತದೆ, ದ್ರಾವಣ ಅದನ್ನು ಹೀರಿಕೊಳ್ಳುತ್ತದೆ. ಪಕ್ಕದ ಗೋಪುರದಲ್ಲಿ ಹಬೆ ಕೊಟ್ಟು ಕಾಯಿಸಿದರೆ ಬಿಟ್ಟುಕೊಡುತ್ತದೆ. ಸಿಮೆಂಟಿಗಂತೂ ಇದು ಬೇಕೇ ಬೇಕು. 100 ಕೆ.ಜಿ. ಶುದ್ಧ ಸುಣ್ಣಕಲ್ಲು ಸುಟ್ಟರೆ 44 ಕೆ.ಜಿ. ಇಂಗಾಲದ ಡೈಆಕ್ಸೈಡ್ ಹೊರಗೆ ಬರುತ್ತದೆ. ಕಲ್ಲಿದ್ದಲನ್ನು ಪೂರ್ತಿ ಬಿಟ್ಟರೂ ಕಲ್ಲಿನೊಳಗಿಂದ ಬರುವುದು ನಿಲ್ಲುವುದಿಲ್ಲ. ಮಾಡಲೇಬೇಕಾದ ಕೆಲಸವನ್ನು ಇವರು ಈ ಪರಿ ಕೆಡಿಸುತ್ತಿದ್ದಾರಲ್ಲ ಎಂಬುದೇ ನನ್ನ ಸಂಕಟ.

ನನ್ನ ಮೊದಲ ಪ್ರಶ್ನೆ ಹಬೆಯ ಬಗ್ಗೆ. ದ್ರಾವಣ ಕಾಯಿಸಲು ಹಬೆ ಎಲ್ಲಿಂದ ತರುತ್ತೀರಿ? ಇದಕ್ಕಾಗಿ ಹೊಸ ಬಾಯ್ಲರ್ ಹಾಕಿದರೆ ಅದರ ಹೊಗೆಯನ್ನು ಯಾರು ಹಿಡಿಯುತ್ತಾರೆ? ನಾರ್ವೆಯ ಬ್ರೆವಿಕ್‌ನಲ್ಲಿ 2025ರಲ್ಲಿ ಶುರುವಾದ ಸಿಮೆಂಟ್ ಘಟಕ ಹಿಡಿಯುವುದು ವರ್ಷಕ್ಕೆ 4 ಲಕ್ಷ ಟನ್, ಅಂದರೆ ಆ ಕಾರ್ಖಾನೆ ಬಿಡುವುದರಲ್ಲಿ ಅರ್ಧದಷ್ಟು. ಅಲ್ಲಿ ಕಾರ್ಖಾನೆಯಲ್ಲೇ ವ್ಯರ್ಥವಾಗುವ ಶಾಖವನ್ನು ಲೆಕ್ಕ ಹಾಕಿ, ಅದಕ್ಕೆ ಹೊಂದುವಷ್ಟು ದೊಡ್ಡ ಘಟಕ ಕಟ್ಟಿದ್ದಾರೆ. ನಮ್ಮ ವರದಿಯಲ್ಲಿ ಶೇ 90ರಷ್ಟು ಹಿಡಿಯುತ್ತೇವೆ ಎಂದು ಬರೆದಿದ್ದಾರೆ. ಶಾಖದ ಲೆಕ್ಕ ಎಲ್ಲಿಯೂ ಇಲ್ಲ. ವೇದಿಕೆಯಲ್ಲಿದ್ದವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆಮೇಲೆ ಒಬ್ಬರು ಎದ್ದು ‘ಹಿಡಿದದ್ದೆಲ್ಲ ಯೂರಿಯಾಕ್ಕೆ, ತಂಪು ಪಾನೀಯಕ್ಕೆ ಹೋಗುತ್ತದೆ, ನೆಲದಡಿ ತುಂಬುವ ಪ್ರಮೇಯವೇ ಹೆಚ್ಚು ಬರುವುದಿಲ್ಲ’ ಎಂದರು. ನಾನು ಕೇಳಿದ್ದು ಅದನ್ನಲ್ಲ.

ಕೇಳದಿದ್ದರೂ ಹೇಳಿದರಲ್ಲ, ಅದಾದರೂ ಸರಿ ಇದೆಯೇ? ಒಂದು ಟನ್ ಯೂರಿಯಾಕ್ಕೆ ಸುಮಾರು 0.73 ಟನ್ ಇಂಗಾಲದ ಡೈಆಕ್ಸೈಡ್ ಬೇಕು, ಒಪ್ಪುತ್ತೇನೆ. ಆದರೆ ಗೊಬ್ಬರ ಕಾರ್ಖಾನೆಗೆ ಬೇಕಾದ ಬಹುಪಾಲು ಅದರದೇ ಅಮೋನಿಯಾ ಘಟಕದಲ್ಲಿ ಹುಟ್ಟುತ್ತದೆ. ಅದನ್ನು ಕಳಿಸಿಕೊಟ್ಟ ಕೈ ನನ್ನದು. ಮೇಲಾಗಿ ಯೂರಿಯಾ ಹೊಲದ ಮಣ್ಣಿಗೆ ಬಿದ್ದು ಕರಗಿದ ಮೇಲೆ ಆ ಇಂಗಾಲದ ಡೈಆಕ್ಸೈಡ್ ಮತ್ತೆ ಗಾಳಿಗೇ ಸೇರುತ್ತದೆ. ಪಾನೀಯದ ಬಾಟಲಿಯ ಮುಚ್ಚಳ ತೆಗೆದರೂ ಅಷ್ಟೇ. ಮೆಥನಾಲ್ ಮಾಡಿದರೆ ಅದನ್ನು ಉರಿಸಿದ ದಿನ ವಾಪಸ್. ಕಾಂಕ್ರೀಟಿನಲ್ಲಿ ಖನಿಜವಾಗಿಸಿದರೆ ಮಾತ್ರ ಕಲ್ಲಾಗಿ ಉಳಿಯುತ್ತದೆ. ಅದರ ಬಗ್ಗೆ ವರದಿಯಲ್ಲಿ ಒಂದು ಪ್ಯಾರಾ ಇದೆ, ಅಷ್ಟೇ. ಮರುಬಳಕೆ ಬೇರೆ, ಕಾಯಂ ಆಗಿ ಇಡುವುದು ಬೇರೆ. ಈ ವ್ಯತ್ಯಾಸ ತಿಳಿಯದವರು ಇಂಥ ಯೋಜನೆಗೆ ಸಹಿ ಹಾಕಬಾರದು.

ಎರಡನೇ ಪ್ರಶ್ನೆ, ಅಂದರೆ ಮೈಕ್ ಆರಿದ ಪ್ರಶ್ನೆ: ತುಂಬುವ ಜಾಗ ಯಾವುದು? ಕಾರ್ಖಾನೆಯಲ್ಲಿ ಘಟಕಕ್ಕೆ ಜಾಗ ಗುರುತಿಸಿದ್ದಾರೆ, ಕೊಳವೆಗೆ ಭೂಮಿ ಅಳೆಯುತ್ತಿದ್ದಾರೆ. ಕೊಳವೆಯ ಆ ತುದಿಯಲ್ಲಿ ಏನಿದೆ ಎಂದರೆ ‘ಅಧ್ಯಯನ ನಡೆಯುತ್ತಿದೆ’. ಇದು ಹಿಂದುಮುಂದಾದ ಕೆಲಸ. ಸುಮಾರು 800 ಮೀಟರ್‌ಗಿಂತ ಆಳದಲ್ಲಿ, ಒತ್ತಡಕ್ಕೆ ಅನಿಲ ದ್ರವದಂತೆ ದಟ್ಟವಾಗುವ ಕಡೆ, ಸೂಕ್ಷ್ಮರಂಧ್ರಗಳ ಕಲ್ಲು ಬೇಕು. ಅದರ ಮೇಲೆ ಬಿರುಕಿಲ್ಲದ ಮುಚ್ಚುಗಲ್ಲು ಬೇಕು. ಸುತ್ತ ಯಾರೋ ಕೊರೆದು ಬಿಟ್ಟುಹೋದ ಹಳೆಯ ಬಾವಿಗಳಿದ್ದರೆ ಅವೇ ಸೋರುವ ದಾರಿ. ನಾರ್ವೆಯ ಸ್ಲೈಪ್ನರ್‌ನಲ್ಲಿ 1996ರಿಂದ ಸಮುದ್ರತಳದ ಕೆಳಗೆ ತುಂಬುತ್ತಿದ್ದಾರೆ, ಜಾಗ ಒಳ್ಳೆಯದಿತ್ತು, ನಡೆಯಿತು. ಅದೇ ದೇಶದ ಸ್ನೋವಿಟ್‌ನಲ್ಲಿ 2008ರಲ್ಲಿ ಶುರು ಮಾಡಿದ ಮೇಲೆ ಒತ್ತಡ ಲೆಕ್ಕಕ್ಕಿಂತ ಬೇಗ ಏರಿ, 2011ರಲ್ಲಿ ಬೇರೆ ಪದರ ಹುಡುಕಬೇಕಾಯಿತು. ಅಲ್ಜೀರಿಯಾದ ಇನ್ ಸಾಲಾದಲ್ಲಿ 2004ರಿಂದ ತುಂಬುತ್ತಿದ್ದದ್ದನ್ನು ಮುಚ್ಚುಗಲ್ಲಿನ ಬಗ್ಗೆ ಆತಂಕ ಬಂದು 2011ರಲ್ಲಿ ನಿಲ್ಲಿಸಿದರು. ವರ್ಷಗಟ್ಟಲೆ ಕಲ್ಲಿನ ಅಧ್ಯಯನ ಮಾಡಿದವರ ಪಾಡೇ ಇದು. ಜಾಗವನ್ನೇ ನೋಡದೆ ಕೊಳವೆ ಹೂಳುತ್ತೇವೆಂದರೆ ಏನರ್ಥ?

ಕೊಳವೆಯ ಬಗ್ಗೆ ಕೇಳಿದ ಹೆಣ್ಣುಮಗಳೊಬ್ಬರಿಗೆ ‘ಇದು ಬೆಂಕಿ ಹತ್ತುವ ಅನಿಲವಲ್ಲಮ್ಮ, ಸುಮ್ಮನೆ ಹೆದರಬೇಡಿ’ ಎಂದು ಕೈಬೀಸಿ ಕೂರಿಸಿದರು. ನನಗೆ ಮೈಯೆಲ್ಲ ಉರಿಯಿತು. ಬೆಂಕಿ ಹತ್ತುವುದಿಲ್ಲ, ಸರಿ. ಗಾಳಿಗಿಂತ ಒಂದೂವರೆ ಪಟ್ಟು ಭಾರ, ಬಣ್ಣವಿಲ್ಲ, ವಾಸನೆಯಿಲ್ಲ, ತಗ್ಗಿನಲ್ಲಿ ಹೋಗಿ ನಿಲ್ಲುತ್ತದೆ. ನಮ್ಮ ಘಟಕದಲ್ಲಿ ವಾಲ್ವ್ ಗುಂಡಿಗೆ ಇಳಿದ ಸಹೋದ್ಯೋಗಿ ನಾಲ್ಕು ಉಸಿರಿನಲ್ಲಿ ಕುಸಿದದ್ದನ್ನು ಕಣ್ಣಾರೆ ಕಂಡಿದ್ದೇನೆ. ಸೊಂಟಕ್ಕೆ ಹಗ್ಗವಿತ್ತು, ಎಳೆದುಕೊಂಡೆವು, ಬದುಕಿದ. 2020ರ ಫೆಬ್ರುವರಿ 22ರಂದು ಅಮೆರಿಕದ ಮಿಸಿಸಿಪ್ಪಿ ರಾಜ್ಯದ ಸಟಾರ್ಷಿಯಾದ ಬಳಿ ಮಳೆಗೆ ಗುಡ್ಡದ ಮಣ್ಣು ಸರಿದು ಇಂಥದ್ದೇ ಕೊಳವೆಯ ಬೆಸುಗೆ ಬಿಟ್ಟಿತು. 200 ಜನರನ್ನು ಊರು ಬಿಡಿಸಬೇಕಾಯಿತು, 45 ಜನ ಆಸ್ಪತ್ರೆ ಸೇರಿದರು. ಓಡಿಹೋಗೋಣವೆಂದರೆ ಆಮ್ಲಜನಕ ಸಾಲದೆ ಕಾರುಗಳ ಎಂಜಿನ್ನೇ ನಿಂತುಹೋದವು. ನಮ್ಮಲ್ಲಿ ಕೊಳವೆ ಹೋಗುವುದು ಶಾಲೆಯ ಹಿಂದಿನ ತಗ್ಗಿನಲ್ಲಿ ಎಂದು ಅಳತೆಗೆ ಬಂದವರು ಹೇಳುತ್ತಿದ್ದಾರೆ. ಆ ತಾಯಿ ಹೆದರಿದ್ದು ತಪ್ಪೇ?

ಇವರನ್ನು ನಂಬಿ ಎಂದರೆ ಹೇಗೆ ನಂಬುವುದು? ಕಾರ್ಖಾನೆ ಗೇಟಿನ ಅಪಾಯದ ಸೈರನ್ ಕೆಟ್ಟು ಆರು ವರ್ಷವಾಯಿತು. ನಾನೇ ನಾಲ್ಕು ಅರ್ಜಿ ಕೊಟ್ಟಿದ್ದೇನೆ. ಚಿಮಣಿ ಹೊಗೆಯ ಅಳತೆ ತೋರಿಸುವ ಫಲಕದಲ್ಲಿ ಎರಡು ವರ್ಷದಿಂದ ಒಂದೇ ಅಂಕಿ ನಿಂತಿದೆ. ತ್ಯಾಜ್ಯ ನೀರಿನ ಕೊಳವೆ ಒಡೆದಾಗ ‘ಪರಿಶೀಲಿಸುತ್ತೇವೆ’ ಎಂದ ಅಧಿಕಾರಿ ವರ್ಗವಾಗಿ ಹೋದರು, ನಂತರ ಬಂದವರಿಗೆ ಕಡತ ಸಿಗಲಿಲ್ಲ. ಒಂದು ಸೈರನ್ ರಿಪೇರಿ ಮಾಡಿಸಲಾಗದವರು ನೆಲದಡಿ ತುಂಬಿದ್ದನ್ನು ತಲೆಮಾರುಗಟ್ಟಲೆ ಕಾಯುತ್ತಾರೆಯೇ? ಐರೋಪ್ಯ ಒಕ್ಕೂಟದ 2009ರ ನಿಯಮದಲ್ಲಿ ತುಂಬುವುದು ಮುಗಿದ ಮೇಲೂ ಸಾಮಾನ್ಯವಾಗಿ ಕನಿಷ್ಠ 20 ವರ್ಷ ಕಂಪನಿಯೇ ಹೊಣೆ, ಅಮೆರಿಕದಲ್ಲಿ ಸಾಮಾನ್ಯ ಅವಧಿ 50 ವರ್ಷ. ನಮ್ಮ ವರದಿಯ ಆರುನೂರು ಪುಟದಲ್ಲಿ ಹೊಣೆ ಯಾರದು ಎಂಬ ಒಂದು ಸಾಲೂ ನನಗೆ ಕಾಣಲಿಲ್ಲ.

ಸಭೆಯನ್ನು ಮತ್ತೆ ಕರೆಯಬೇಕು. ಅದಕ್ಕೂ ಮೊದಲು ಯೋಜನೆಯನ್ನೇ ಹೊಸದಾಗಿ ಬರೆಯಬೇಕು, ತುಂಬುವ ಜಾಗದಿಂದ ಶುರುಮಾಡಿ. ಇಲ್ಲವೇ ತಿಳಿದವರ ಕೈಗೆ ಒಪ್ಪಿಸಿ ಇವರು ಎದ್ದು ಹೋಗಲಿ. ಎರಡು ಗಂಟೆ ತಡವಾಗಿ ಬರುವವರಿಗೆ, ಪ್ರಶ್ನೆ ಕೇಳಿದವರ ಮೈಕ್ ಆರಿಸುವವರಿಗೆ, ಹೆದರಿದ ಹೆಣ್ಣುಮಗಳನ್ನು ಗದರಿಸಿ ಕೂರಿಸುವವರಿಗೆ ನಾಚಿಕೆಯಾಗಬೇಕು. ಆ ಕಪ್ಪಾದ ನಕ್ಷೆಯ ಸರಿಯಾದ ಪ್ರತಿಯನ್ನಾದರೂ ಈ ವಾರ ಶಾಲೆಯ ಗೋಡೆಗೆ ಅಂಟಿಸಲಿ.

— ನಿವೃತ್ತ ಪಾಳಿ ಮೇಲ್ವಿಚಾರಕ