ಪೇತ್ರನ ಎರಡು ಬೆಂಕಿ

ತಂಗೀ,

ನಿನ್ನ ಲೇಖನ ಓದಿದೆ. ಬೈಬಲ್‌ನ ಯೋಹಾನನ ಸುವಾರ್ತೆಯ 21ನೇ ಅಧ್ಯಾಯದ ಬಗ್ಗೆ ಬರೆದಿದ್ದೀಯ. ಸತ್ತು ಎದ್ದ ಯೇಸು ತಿಬೇರಿಯ ಸಮುದ್ರದ ದಡದಲ್ಲಿ ಶಿಷ್ಯರಿಗೆ ಕಾಣಿಸಿಕೊಂಡು, ಅವನ ಮಾತಿನಂತೆ ಬಲೆ ಹಾಕಿದಾಗ 153 ಮೀನು ಸಿಕ್ಕುವ ಕಥೆ ಅದು. ಆದರೆ ನಿನ್ನ ಲೇಖನದ ಮುಕ್ಕಾಲು ಪಾಲು ಆ 153 ಮೀನಿನ ಲೆಕ್ಕಕ್ಕೇ ಹೋಗಿದೆ. ಇರಲಿ, ಆ ಬಲೆಗೆ ದೊಡ್ಡದೊಡ್ಡವರೇ ಬಿದ್ದಿದ್ದಾರೆ. 1ರಿಂದ 17ರವರೆಗೆ ಕೂಡಿದರೆ 153 ಎಂದು ತೋರಿಸಿದ ಹಳೆಯ ಕಾಲದ ಕ್ರೈಸ್ತ ಪಂಡಿತ ಸಂತ ಅಗಸ್ಟೀನ್, ಆ 17ನ್ನು 10 ಆಜ್ಞೆ, ಪವಿತ್ರಾತ್ಮನ 7 ವರ ಎಂದು ಒಡೆದ. ಮೀನಿನ ಜಾತಿಗಳೇ 153 ಎಂದು ತಿಳಿದವರು ಎಣಿಸಿದ್ದಾರೆ ಅಂದ ಅದೇ ಕಾಲದ ಇನ್ನೊಬ್ಬ ಪಂಡಿತ ಜೆರೋಮ್. ಓದೋಕೆ ಮಜವಾಗಿದೆ. ಆದರೆ ಇವೆರಡಕ್ಕೂ ಕಥೆಯೊಳಗೆ ಒಂದು ಸಾಲಿನ ಆಧಾರವೂ ಇಲ್ಲ. ಅಲ್ಲದೆ ಮೀನು ಹಿಡಿದವರು ಬೆಸ್ತರು. ಎಣಿಸದೆ ಬಿಡುತ್ತಾರಾ?

ನೀನು ಒಂದೇ ಸಾಲಿನಲ್ಲಿ ದಾಟಿಹೋದ ಬೆಂಕಿಯ ಹತ್ತಿರ ವಾಪಸ್ ಬಾ. ದಡದಲ್ಲಿರುವುದು ಯೇಸು ಎಂದು ತಿಳಿದೊಡನೆ ಶಿಷ್ಯ ಪೇತ್ರ ದೋಣಿಯಿಂದ ನೀರಿಗೆ ಧುಮುಕಿ ದಡದ ಕಡೆ ಬರುತ್ತಾನೆ. ಅಲ್ಲಿ ಇದ್ದಲ ಬೆಂಕಿ ಇದೆ. ಅದರ ಮೇಲೆ ಮೀನು, ಜೊತೆಗೆ ರೊಟ್ಟಿ. ಇದೇ ಸುವಾರ್ತೆಯ 18ನೇ ಅಧ್ಯಾಯದಲ್ಲಿ ಇನ್ನೊಂದು ಇದ್ದಲ ಬೆಂಕಿ ಇದೆ, ನೆನಪಾಯಿತಾ? ಯೇಸುವನ್ನು ಬಂಧಿಸಿದ ರಾತ್ರಿ, ಮಹಾಯಾಜಕನ ಅಂಗಳ, ಚಳಿ. ಆಳುಗಳು ಮೈ ಕಾಯಿಸಿಕೊಳ್ಳುತ್ತಿದ್ದಾರೆ, ಪೇತ್ರನೂ ಅವರ ನಡುವೆ ನಿಂತಿದ್ದಾನೆ. "ನೀನೂ ಅವನ ಶಿಷ್ಯನಲ್ವಾ?" ಅಂದರೆ "ಅಲ್ಲ" ಅನ್ನುತ್ತಾನೆ. ಆ ರಾತ್ರಿ ಒಟ್ಟು ಮೂರು ಸಲ ಯೇಸುವನ್ನು ಅಲ್ಲಗಳೆಯುತ್ತಾನೆ. ಯೇಸು ಮೊದಲೇ ಹೇಳಿದ್ದ ಹಾಗೆ ಕೋಳಿ ಕೂಗುತ್ತದೆ.

ಈಗ ದಡದಲ್ಲಿ ಊಟ ಮುಗಿದ ಮೇಲೆ ಯೇಸು ಅವನನ್ನು ಕೇಳುತ್ತಾನೆ: "ನನ್ನನ್ನು ಪ್ರೀತಿಸುತ್ತೀಯಾ?" ಕೇಳುವುದೂ ಮೂರು ಸಲವೇ. ಮೂರನೇ ಸಲ ಕೇಳಿದ್ದಕ್ಕೆ ಪೇತ್ರನಿಗೆ ದುಃಖವಾಯಿತು ಎಂದಷ್ಟೇ ಬರೆದಿದೆ. ಅಂಗಳದ ಮಾತನ್ನು ಯಾರೂ ಎತ್ತುವುದಿಲ್ಲ. ಬರೆದವನು ಆ ಕೆಲಸವನ್ನು ಬೆಂಕಿಗೆ ಬಿಟ್ಟಿದ್ದಾನೆ. ನಾನು ಸಂಕೇತ ಅನ್ನುವುದು ಇದಕ್ಕೆ. ಇದನ್ನು ಹುಡುಕೋಕೆ ಹೊರಗಿನ ಕೋಷ್ಟಕ ಬೇಡ, ಮೂರು ಅಧ್ಯಾಯ ಹಿಂದೆ ಹೋದರೆ ಸಾಕು.

21ನೇ ಅಧ್ಯಾಯವನ್ನು ಆಮೇಲೆ ಸೇರಿಸಿದ್ದು ಎಂದು ಹಲವು ಪಂಡಿತರು ಹೇಳುತ್ತಾರೆ. 20ರ ಕೊನೆ ಓದಿದರೆ ಪುಸ್ತಕ ಅಲ್ಲಿಗೇ ಮುಗಿದ ಹಾಗೆ ಇದೆ, ನಿಜ. ಯಾರೇ ಬರೆದಿರಲಿ, ಆ ಅಂಗಳವನ್ನು ಮರೆತು ಬರೆದವರಲ್ಲ ಅನ್ನುವುದು ನನ್ನ ಅನಿಸಿಕೆ.

ರಾತ್ರಿಯನ್ನೂ ಹೀಗೇ ಹಿಂಬಾಲಿಸಿ ನೋಡು. ಯೆಹೂದಿ ಮುಖಂಡ ನಿಕೊದೇಮ ಯೇಸುವಿನ ಬಳಿ ಬರುವುದು ರಾತ್ರಿ. ಯೇಸುವನ್ನು ಹಿಡಿದುಕೊಟ್ಟ ಶಿಷ್ಯ ಯೂದ ಕೊನೆಯ ಊಟದಿಂದ ಎದ್ದು ಹೊರಗೆ ಹೋದಾಗಲೂ ರಾತ್ರಿ. ಶಿಷ್ಯರಿಗೆ ಒಂದು ಮೀನೂ ಸಿಗದೇ ಹೋಗುವುದು ರಾತ್ರಿ, ಬೆಳಗಾಗುವಾಗ ಯೇಸು ದಡದಲ್ಲಿರುತ್ತಾನೆ. ಆದರೆ ಜಾಸ್ತಿ ಎಳೆಯಬೇಡ. ಬೆಸ್ತರು ರಾತ್ರಿ ಬಲೆ ಹಾಕುವುದು ಸಹಜ. ಚಳಿಗೆ ಒಂದು ಬೆಂಕಿ, ಹಸಿವಿಗೆ ಒಂದು ಬೆಂಕಿ, ಅದೂ ಸಹಜ. ಸಂಕೇತ ಸಿಕ್ಕಿದ ಖುಷಿಯಲ್ಲಿ ಚಳಿ, ಹಸಿವನ್ನು ಒರೆಸಿ ಹಾಕುವವರ ಲೇಖನ ನನಗೆ ಓದೋಕೇ ಆಗಲ್ಲ.

153ರ ಭಾಗವನ್ನು ಪೂರ್ತಿ ತೆಗೆಯಬೇಡ, ಒಂದು ಪ್ಯಾರಾ ಇಟ್ಟುಕೋ. ಅಗಸ್ಟೀನನ ಲೆಕ್ಕ ಓದುಗರಿಗೆ ಇಷ್ಟವಾಗುತ್ತದೆ. ಆಮೇಲೆ 6ನೇ ಅಧ್ಯಾಯ ಓದು. ಐದು ರೊಟ್ಟಿ, ಎರಡು ಮೀನಿನಲ್ಲಿ ಯೇಸು ಸಾವಿರಾರು ಜನರಿಗೆ ಊಟ ಹಾಕುವ ಕಥೆ, ಅದೇ ತಿಬೇರಿಯ ಸಮುದ್ರ. ಆ ಊಟಕ್ಕೂ ಈ ಊಟಕ್ಕೂ ಏನು ಸಂಬಂಧ ಕಂಡಿತು ಅಂತ ಬರೆದು ಕಳಿಸು.

ನಿನ್ನ ಅಣ್ಣ